ಅಮ್ಮನ ಕೋಣೆಗೆ 10 ಅಡಿ ಬೇಕಿತ್ತು

ಈ ಮನೆ ಕೊಳ್ಳುವಾಗ ನನಗೆ ಮೊದಲು ಹಿಡಿಸಿದ್ದು ಅದು ಕಾರ್ನರ್ ಸೈಟ್ ಅನ್ನುವುದು. ಮೈಸೂರಿನಲ್ಲಿ ಬೆಳೆದವನಿಗೆ ಕಾರ್ನರ್ ಸೈಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎರಡು ಕಡೆ ರಸ್ತೆ, ಎರಡು ಕಡೆಯಿಂದ ಗಾಳಿ ಬೆಳಕು. ಬೆಂಗಳೂರಿನ ಬಿಡಿಎ ಅಂತೂ ಕಾರ್ನರ್ ಸೈಟುಗಳನ್ನು ಎತ್ತಿಟ್ಟು ಹರಾಜು ಹಾಕುತ್ತದೆ, ಅಷ್ಟು ಬೆಲೆ ಅವಕ್ಕೆ. ಇಲ್ಲಿ ಅಮೆರಿಕದಲ್ಲಿ, ಮಧ್ಯ ನ್ಯೂಜೆರ್ಸಿಯ ಟೌನ್‌ಶಿಪ್ (ನಮ್ಮ ಪುರಸಭೆ ಥರದ ಊರು) ಒಂದರಲ್ಲಿ ಎರಡು ಬೀದಿ ಕೂಡುವ ಕಡೆ ಮನೆ ಸಿಕ್ಕಿತು. ಪಕ್ಕದ ಮನೆಗಳಿಗಿಂತ ಒಂದು ಡಾಲರ್ ಕೂಡ ಜಾಸ್ತಿ ಕೇಳಲಿಲ್ಲ. ಯಾಕೆ ಅಂತ ಗೊತ್ತಾಗಲು ಒಂಬತ್ತು ವರ್ಷ ಬೇಕಾಯಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದರು. ಅವರಿಗೆ ಎರಡೂ ಮಂಡಿ ನೋವು. ನಮ್ಮ ಮನೆಯಲ್ಲಿ ಮಲಗುವ ಕೋಣೆಗಳು, ಸ್ನಾನದ ಮನೆ ಎಲ್ಲಾ ಮಹಡಿ ಮೇಲೆ. ನಡುವೆ 14 ಮೆಟ್ಟಿಲು. ಬೆಳಿಗ್ಗೆ ಒಮ್ಮೆ ಇಳಿದರೆ ರಾತ್ರಿ ಒಮ್ಮೆ ಹತ್ತುತ್ತಿದ್ದರು, ಅಷ್ಟೇ. ಮಧ್ಯಾಹ್ನ ಸೋಫಾ ಮೇಲೆ ಒರಗಿ ನಿದ್ದೆ. ಕೆಳಗೆ ಒಂದು ಕೋಣೆ, ಒಂದು ಬಾತ್‌ರೂಮ್ ಕಟ್ಟಿಸಿಬಿಡೋಣ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿದೆವು. ಜಾಗಕ್ಕೇನು ಕಡಿಮೆ? ಪಕ್ಕದ ಬೀದಿಯ ಕಡೆ ಗೋಡೆಯಿಂದ ಗಡಿಯವರೆಗೆ 37 ಅಡಿ ಹುಲ್ಲು ಸುಮ್ನೆ ಬಿದ್ದಿತ್ತು. ವಾರವಾರ ಅದನ್ನು ಕತ್ತರಿಸುವುದೇ ನನ್ನ ಕೆಲಸವಾಗಿತ್ತು.

ಆರ್ಕಿಟೆಕ್ಟ್ 14 ಅಡಿ ಅಗಲದ ಕೋಣೆಗೆ ನಕ್ಷೆ ಬರೆದುಕೊಟ್ಟರು. ಟೌನ್‌ಶಿಪ್ ಕಚೇರಿಗೆ ಕೊಟ್ಟೆ. ಊರಿನ ಯಾವ ಭಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಿಯಮ ನೋಡಿಕೊಳ್ಳುವ ಜೋನಿಂಗ್ ಆಫೀಸರ್ ಒಂದು ಪುಟದ ಕಾಗದ ಕಳಿಸಿದರು: ಅನುಮತಿ ಇಲ್ಲ.

ಕಾರಣ ಇದು. ನಮ್ಮ ಜೋನ್‌ನಲ್ಲಿ ಮನೆಯ ಮುಂದೆ 35 ಅಡಿ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಗೋಡೆಯವರೆಗೆ ಖಾಲಿ ಜಾಗ, ಬಿಡಬೇಕು, ಪಕ್ಕದಲ್ಲಿ 15 ಅಡಿ ಸಾಕು. ಆದರೆ ಕಾರ್ನರ್ ಸೈಟಿಗೆ ಎರಡು ಬೀದಿ ಇರುವುದರಿಂದ ಎರಡು ಮುಂಭಾಗ. ನಾನು ಪಕ್ಕ ಅಂದುಕೊಂಡಿದ್ದದ್ದು ಕಾನೂನಿನ ಕಣ್ಣಿಗೆ ಮುಂಭಾಗ. ಅಲ್ಲೂ 35 ಅಡಿ. ನನ್ನ 37 ಅಡಿ ಹುಲ್ಲಿನಲ್ಲಿ ಕಟ್ಟಲು ಸಿಗುವುದು 2 ಅಡಿ! ಅಮೆರಿಕದ ಎಷ್ಟೋ ಊರುಗಳಲ್ಲಿ ಇದೇ ನಿಯಮ. ಕಾರ್ನರ್ ಮನೆ ಕೊಳ್ಳುವ ನಮ್ಮವರು ಇದೊಂದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಫೋನಿನಲ್ಲಿ ವಿಷಯ ಕೇಳಿ ಸೋದರಮಾವ ಅಂದರು, "ಅಲ್ಲಪ್ಪಾ, ಅಲ್ಲಿ ಯಾರದಾದರೂ ವಶೀಲಿ ಇಲ್ವಾ? ಒಂದು ಮಾತು ಹೇಳಿಸು." ಪ್ರೀತಿಯಿಂದಲೇ ಹೇಳಿದರು. ಅವರು ತಮ್ಮ ಮನೆ ಕಟ್ಟಿಸುವಾಗ ಪಟ್ಟ ಪಾಡು ನನಗೆ ಗೊತ್ತು. ಇಲ್ಲಿ ಉಳಿದಿರುವ ದಾರಿ ಒಂದೇ, ವೇರಿಯನ್ಸ್ ಕೇಳುವುದು. ಅಂದರೆ ನಿಯಮದಿಂದ ನನ್ನ ಜಾಗಕ್ಕೆ ಇಷ್ಟು ವಿನಾಯಿತಿ ಕೊಡಿ ಅಂತ ಊರಿನ ಜೋನಿಂಗ್ ಬೋರ್ಡಿಗೆ ಅರ್ಜಿ ಹಾಕುವುದು. ಬೋರ್ಡಿನಲ್ಲಿ ಏಳು ಜನ. ಎಲ್ಲರೂ ಊರಿನ ನಿವಾಸಿಗಳು. ನಮ್ಮ ಬೋರ್ಡಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ನರ್ಸ್. ಯಾರಿಗೂ ಸಂಬಳ ಇಲ್ಲ. ಅರ್ಜಿ ವಿಚಾರಣೆಗೆ ಮುಂಚೆ ಅವರ ಹತ್ತಿರ ಖಾಸಗಿಯಾಗಿ ಆ ಬಗ್ಗೆ ಮಾತಾಡಿದರೆ ತಪ್ಪು. ಅಂಗಡಿಯಲ್ಲಿ ಎದುರಾದರೆ ನಮಸ್ಕಾರ ಹೇಳಬಹುದು, ಅಷ್ಟೇ.

ಅರ್ಜಿಯ ಜೊತೆ ನಾನು ಎರಡು ಪುಟದ ಪತ್ರ ಬರೆದೆ. ಅಮ್ಮನ ವಯಸ್ಸು, ಮಂಡಿಯ ಸ್ಥಿತಿ, ಡಾಕ್ಟರ ಮಾತು, ಮಗನಾಗಿ ನನ್ನ ಕರ್ತವ್ಯ, ಎಲ್ಲಾ ಬರೆದೆ. ಆರ್ಕಿಟೆಕ್ಟ್ ಅದನ್ನು ಪೂರ್ತಿ ಓದಿ ಮೆಲ್ಲಗೆ ಕೇಳಿದರು, "ಇದರಲ್ಲಿ ನಿಮ್ಮ ಜಾಗದ ಬಗ್ಗೆ ಒಂದು ಸಾಲೂ ಇಲ್ವಲ್ಲ?" ನನಗೆ ಬೇಜಾರಾಯಿತು. ಅಮ್ಮನ ನೋವಿಗಿಂತ ದೊಡ್ಡ ಕಾರಣ ಏನಿದೆ ಅಂತ ಅನ್ನಿಸಿತು.

ಆ ರಾತ್ರಿ ಕೂತು ಕಾನೂನು ಓದಿದೆ. ನ್ಯೂಜೆರ್ಸಿಯಲ್ಲಿ ಇದಕ್ಕೆಲ್ಲ ಆಧಾರ 1975ರ ಮುನಿಸಿಪಲ್ ಲ್ಯಾಂಡ್ ಯೂಸ್ ಕಾನೂನು. ಸೆಟ್‌ಬ್ಯಾಕಿನಂಥ ವಿನಾಯಿತಿಗೆ ಅದರಲ್ಲಿ ಎರಡು ದಾರಿ ಇವೆ. ಒಂದು, ಜಾಗವೇ ತೊಂದರೆಯಲ್ಲಿದೆ ಅಂತ ತೋರಿಸುವುದು. ಸೈಟ್ ತೀರಾ ಕಿರಿದು, ಸೊಟ್ಟ, ಇಳಿಜಾರು, ಇಂಥದ್ದು. ಇನ್ನೊಂದು, ವಿನಾಯಿತಿ ಕೊಟ್ಟರೆ ಊರಿನ ಯೋಜನೆಗೆ ಆಗುವ ಒಳ್ಳೆಯದು ಕೆಟ್ಟದ್ದಕ್ಕಿಂತ ಹೆಚ್ಚು ಅಂತ ತೋರಿಸುವುದು. ಯಾವ ದಾರಿ ಹಿಡಿದರೂ ಅಕ್ಕಪಕ್ಕದವರಿಗೆ ದೊಡ್ಡ ತೊಂದರೆ ಆಗದು, ಊರಿನ ಜೋನಿಂಗ್ ಉದ್ದೇಶವೂ ಕೆಡದು ಅಂತ ಸಾಬೀತು ಮಾಡಬೇಕು. ಮಾಲೀಕರ ಸ್ವಂತ ಕಷ್ಟ ಲೆಕ್ಕಕ್ಕೆ ಬರುವುದಿಲ್ಲ. ನಾರ್ತ್ ಕಾಲ್ಡ್‌ವೆಲ್ ಅನ್ನುವ ಊರಿನ ಈಜುಕೊಳದ ಕೇಸಿನಲ್ಲಿ 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತ್ತು. ಅಲ್ಲಿ ಕಿರಿದಾದ ಸೈಟಿಗೆ ಕೊಟ್ಟಿದ್ದ ವಿನಾಯಿತಿಯನ್ನು ಕೋರ್ಟ್ ಎತ್ತಿಹಿಡಿಯಿತು. ಕಷ್ಟ ಅಂದರೆ ಆ ಜಾಗದ ಕಷ್ಟ, ಅದರ ಒಡೆಯರದ್ದಲ್ಲ ಅಂತಲೂ ಹೇಳಿತು.

ಹಾಗಾದರೆ ನನ್ನ ಜಾಗಕ್ಕೆ ಏನು ಕಷ್ಟ? ಮಾರನೆಯ ದಿನ ಟೇಪ್ ಹಿಡಿದು ಸುತ್ತಲೂ ನಡೆದೆ. ಒಂದು ಕಡೆ ಗ್ಯಾರೇಜ್, ಅದರಾಚೆ ಸರಿಯಾಗಿ 15 ಅಡಿ. ಅಲ್ಲಿ ಒಂದಿಂಚೂ ಮುಂದೆ ಹೋಗುವಂತಿಲ್ಲ. ಹಿಂದುಗಡೆ ಟೌನ್‌ಶಿಪ್ಪಿನ ಮಳೆನೀರಿನ ಪೈಪ್ ನೆಲದಡಿಯಲ್ಲಿ ಹೋಗಿದೆ. ಅದರ ಮೇಲೆ 25 ಅಡಿ ಅಗಲದ ಪಟ್ಟಿಯಲ್ಲಿ ಯಾರೂ ಏನೂ ಕಟ್ಟುವಂತಿಲ್ಲ ಅಂತ ಕ್ರಯಪತ್ರದಲ್ಲೇ ಇದೆ. ಪಟ್ಟಿಯಿಂದಾಚೆ ನೆಲ ಇಳಿಜಾರು. ಎರಡು ಕಡೆ ಬೀದಿ. ಅಂದರೆ ನಾಲ್ಕೂ ದಿಕ್ಕಿನಲ್ಲಿ ನನ್ನ ಮನೆ ಕಟ್ಟಿಹಾಕಿದ ಹಾಗಿತ್ತು. ನಮ್ಮ ಬೀದಿಯ ಬೇರೆ ಮನೆಗಳಿಗೆ ಈ ಪಾಡಿಲ್ಲ. ಪತ್ರ ಹರಿದು ಹಾಕಿ ಇದನ್ನು ಬರೆದೆ. ಅಮ್ಮನ ಬಗ್ಗೆ ಒಂದೇ ಸಾಲು ಉಳಿಸಿಕೊಂಡೆ.

ಆಮೇಲೆ ನೋಟಿಸ್ ಕೆಲಸ. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಟ್ಟಿತು. ನಮ್ಮ ಗಡಿಯಿಂದ 200 ಅಡಿಯೊಳಗೆ ಆಸ್ತಿ ಇರುವ ಪ್ರತಿಯೊಬ್ಬರಿಗೂ ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು. ಕೈಯಲ್ಲಿ ಕೊಡಬೇಕು, ಇಲ್ಲಾ ಸರ್ಟಿಫೈಡ್ ಮೇಲ್ (ನಮ್ಮ ರಿಜಿಸ್ಟರ್ಡ್ ಪೋಸ್ಟ್ ಥರದ್ದು) ಮಾಡಬೇಕು. ಆಗ ಪತ್ರಿಕೆಯಲ್ಲೂ ಹಾಕಿಸಬೇಕಿತ್ತು. ಯಾರು ಯಾರು ಅನ್ನುವ ಪಟ್ಟಿಯನ್ನು ಟೌನ್‌ಶಿಪ್ಪೇ ಕೊಡುತ್ತದೆ. ಅರ್ಜಿ ಕೊಟ್ಟ ಏಳು ದಿನದೊಳಗೆ ಕೊಡಬೇಕು. ಹೆಸರಿಗೆ 25 ಸೆಂಟ್ ಅಥವಾ ಒಟ್ಟು 10 ಡಾಲರ್, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅಂತ ಕಾನೂನೇ ಬರೆದಿಟ್ಟಿದೆ. ನನ್ನ ಪಟ್ಟಿಯಲ್ಲಿ 23 ಮನೆ. ಒಂಬತ್ತು ವರ್ಷದಲ್ಲಿ ಆ ಪೈಕಿ ಆರು ಜನರ ಹೆಸರು ಮಾತ್ರ ನನಗೆ ಗೊತ್ತಿತ್ತು. ಪೋಸ್ಟ್ ಮಾಡುವ ಬದಲು ಎರಡು ಸಂಜೆ ಮನೆಮನೆಗೆ ಹೋಗಿ ಕೈಯಲ್ಲೇ ಕೊಟ್ಟೆ. ಹೆಂಡತಿ ಜೊತೆಗೆ ಬಂದಳು. ಬಾಗಿಲು ತಟ್ಟಿ "ನಾನು ಮೂಲೆ ಮನೆಯವನು, ಹೀಗೊಂದು ಕೋಣೆ ಕಟ್ಟಬೇಕು ಅಂತಿದ್ದೇನೆ" ಅಂತ ಹೇಳುವಾಗ ಮೊದಲ ಮೂರು ಮನೆಯಲ್ಲಿ ಗಂಟಲು ಕಟ್ಟಿತು.

ಊರಿನ ನೆನಪು ಬಂತು. ನಮ್ಮಲ್ಲೂ ಸೆಟ್‌ಬ್ಯಾಕ್ ಇದೆ. 30-40 ಸೈಟಿಗೂ ಇದೆ. ಆದರೆ ಅದು ಕಟ್ಟುವವನಿಗೂ ಕಚೇರಿಗೂ ನಡುವಿನ ಮಾತು. ಕಿಟಕಿ ಮುಚ್ಚಿಹೋಗುವ ಪಕ್ಕದ ಮನೆಯವರಿಗೆ ಗೊತ್ತಾಗುವುದು ಗೋಡೆ ಎದ್ದ ಮೇಲೆ. ಆಮೇಲೆ ಸರ್ಕಾರ ಅಕ್ರಮ ಸಕ್ರಮ ತಂದಿತು. ವಾಸದ ಮನೆಗಳಿಗೆ ಸೆಟ್‌ಬ್ಯಾಕ್ ಉಲ್ಲಂಘನೆ 50 ಪರ್ಸೆಂಟ್ ಒಳಗಿದ್ದರೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದರಲ್ಲಿ ಸಿಕ್ಕಿಕೊಂಡವರಲ್ಲಿ ಬಡವರೂ ಇದ್ದರು, ಜೀವಮಾನದ ದುಡಿಮೆ ಹಾಕಿದವರೂ ಇದ್ದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಆ ಯೋಜನೆಯಲ್ಲಿ ಪಕ್ಕದ ಮನೆಯವರನ್ನು ಎಲ್ಲಾದರೂ ಕೂರಿಸಿ ಕೇಳಿದ್ದರಾ? ಕಳೆದುಹೋದ ಬೆಳಕು ಅವರದ್ದು ಅಲ್ವಾ?

ವಿಚಾರಣೆ ಬುಧವಾರ ರಾತ್ರಿ 7:30ಕ್ಕೆ. ಮೊದಲು ಧ್ವಜವಂದನೆ. ಆಮೇಲೆ ಬಹಿರಂಗ ಸಭೆಗಳ ಕಾನೂನಿನ ಪ್ರಕಾರ ಎಲ್ಲರಿಗೂ ತಿಳಿಸಿದ್ದೇವೆ ಅಂತ ಅಧ್ಯಕ್ಷರು ಓದಿದರು. ನಮ್ಮ ಅರ್ಜಿ ಬಂದಾಗ ಒಬ್ಬ ಸದಸ್ಯರು ಎದ್ದು ಹೊರಗೆ ಹೋದರು. ಅವರ ಮನೆ ನಮ್ಮ 200 ಅಡಿಯೊಳಗೆ ಇದೆ. ಅವರ ಜಾಗಕ್ಕೆ ಬದಲಿ ಸದಸ್ಯರು ಕೂತರು. ನಾನು ಬಲಗೈ ಎತ್ತಿ ಪ್ರಮಾಣ ಮಾಡಿದೆ. ನಕ್ಷೆಗೆ ಎ-1, ಫೋಟೋಗಳಿಗೆ ಎ-2 ಅಂತ ಗುರುತು ಹಾಕಿದರು. ವಕೀಲರನ್ನು ಇಟ್ಟಿರಲಿಲ್ಲ. ಸ್ವಂತ ಮನೆಗೆ ನಾವೇ ವಾದಿಸಬಹುದು.

ಆರ್ಕಿಟೆಕ್ಟ್ ಮಾತು ಮುಗಿದ ಮೇಲೆ ಅಧ್ಯಕ್ಷರು ಸಾರ್ವಜನಿಕರನ್ನು ಕರೆದರು. ಪಕ್ಕದ ಬೀದಿಯಾಚೆ, ನಮ್ಮ ಎದುರಿಗೇ ಇರುವ ಮನೆಯ ಅಜ್ಜಿ ಎದ್ದು ಬಂದರು. 40 ವರ್ಷದಿಂದ ಅಲ್ಲಿರುವವರು. ಅವರೂ ಪ್ರಮಾಣ ಮಾಡಿದರು. "ಈ ಮನೆಯವರ ಮೇಲೆ ನನಗೇನೂ ಇಲ್ಲ," ಅಂದರು. "ಆದರೆ ಮೂಲೆಯಲ್ಲಿ ಗೋಡೆ ಬಂದರೆ ತಿರುಗುವ ಕಾರಿಗೆ ಸೈಕಲ್ ಮೇಲೆ ಬರುವ ಮಕ್ಕಳು ಕಾಣಿಸುವುದಿಲ್ಲ. ಮತ್ತೆ ಆ ಮೇಪಲ್ ಮರ. ಅದನ್ನು ಕಡಿದರೆ ನನ್ನ ಅಡುಗೆಮನೆ ಕಿಟಕಿಯಲ್ಲಿ ನೋಡಲು ಏನು ಉಳಿಯುತ್ತದೆ?"

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸೆಟ್‌ಬ್ಯಾಕ್ ಹುಟ್ಟಿದ್ದೇ ಇಂಥ ಕಾಳಜಿಯಿಂದ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೆಟ್‌ಬ್ಯಾಕ್ ನಿಯಮ ಸರಿ ಅಂತ ಒಪ್ಪಿದ್ದು ವರ್ಜೀನಿಯಾದ ರೊನೋಕ್ ಊರಿನ ಕೇಸಿನಲ್ಲಿ. ಅಂಗಡಿಯನ್ನು ಬೀದಿಯ ಅಂಚಿಗೇ ಕಟ್ಟುತ್ತೇನೆ ಅಂತ ಒಬ್ಬರು ಹೋಗಿದ್ದರು. ಮನೆಯ ಮುಂದೆ ಹುಲ್ಲಿಗೆ, ಮರಕ್ಕೆ ಜಾಗ ಇರಲಿ, ಬೀದಿಯ ಧೂಳು, ಸದ್ದು ದೂರ ಇರಲಿ, ಬೆಂಕಿ ಬಿದ್ದರೆ ಹಬ್ಬದಿರಲಿ, ಬೀದಿಯ ಮೂಲೆಯಲ್ಲಿ ಓಡಿಸುವವರಿಗೆ ದಾರಿ ಕಾಣಲಿ ಅನ್ನುವ ಕಾರಣಗಳು ಆ ತೀರ್ಪಿನಲ್ಲಿವೆ. ಹೆಚ್ಚುಕಡಿಮೆ ನೂರು ವರ್ಷ ಆದಮೇಲೆ ಅಜ್ಜಿ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದರು.

ಬೋರ್ಡಿನ ಎಂಜಿನಿಯರ್ ಅಳತೆ ಹಾಕಿ, ತಿರುವಿನಲ್ಲಿ ದಾರಿ ಕಾಣಲು ಬಿಡಬೇಕಾದ ತ್ರಿಕೋನದೊಳಗೆ ಕೋಣೆ ಬರುವುದಿಲ್ಲ ಅಂದರು. ಆಮೇಲೆ ನರ್ಸ್ ಆಗಿರುವ ಸದಸ್ಯೆ ಕೇಳಿದರು, "14 ಅಡಿ ಯಾಕೆ ಬೇಕು? ವೀಲ್‌ಚೇರ್ ತಿರುಗಲು 60 ಇಂಚು ಸಾಕಲ್ಲ?" ಆರ್ಕಿಟೆಕ್ಟ್ ನಕ್ಷೆ ನೋಡಿ, 12 ಅಡಿಗೆ ಇಳಿಸಬಹುದು ಅಂದರು. ನಾನು ಒಪ್ಪಿಕೊಂಡೆ. ಈಗ ಬೀದಿಯಿಂದ 25 ಅಡಿ ಉಳಿಯುತ್ತದೆ. ಬೇಕಾದ ವಿನಾಯಿತಿ 12ರ ಬದಲು 10 ಅಡಿ. ಮರ ಕಡಿಯುವುದಿಲ್ಲ ಅಂತ ನಾನೇ ಹೇಳಿದೆ. ಅದು ಷರತ್ತಾಗಿ ಸೇರಿತು. ಚಾವಣಿಯ ಮಳೆನೀರು ನಮ್ಮ ಅಂಗಳದಲ್ಲೇ ಇಂಗಬೇಕು ಅನ್ನುವುದು ಇನ್ನೊಂದು ಷರತ್ತು.

ವೋಟಿಗೆ ಮುಂಚೆ ನಿವೃತ್ತ ಮೇಷ್ಟ್ರು ಮಾತಾಡಿದರು. ಅವರು ನನ್ನನ್ನೇ ನೋಡುತ್ತಿದ್ದರು. "ನನ್ನ ತಾಯಿಯನ್ನೂ ನಾನೇ ನೋಡಿಕೊಂಡೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ವೇರಿಯನ್ಸ್ ಹೋಗುವುದು ನೆಲದ ಜೊತೆ. ನೀವು ಮನೆ ಮಾರಿದರೂ ಅದು ಇರುತ್ತದೆ. ನಿಮ್ಮ ತಾಯಿಯ ಅಗತ್ಯ ಕೆಲವು ವರ್ಷದ್ದು. ಗೋಡೆ ನೂರು ವರ್ಷದ್ದು. ನಾನು ಬೇಡ ಅನ್ನುತ್ತೇನೆ."

ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ಆದರೆ ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಇವತ್ತಿಗೂ ಕಾಣುವುದಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಒಂದು ಕಣ್ಣೀರಿನ ಕಥೆ ಇರುತ್ತದೆ. ಅದನ್ನೇ ನೋಡಿ ಗೋಡೆ ಸರಿಸುತ್ತಾ ಹೋದರೆ, ಕಥೆ ಚೆನ್ನಾಗಿ ಹೇಳಲು ಬರುವವರಿಗೆ ಮಾತ್ರ ಜಾಗ ಸಿಗುತ್ತದೆ. ಇಂಗ್ಲಿಷ್ ಸರಾಗವಾಗಿ ಬಾರದ ಅಮ್ಮನಂಥವರು ಬೀದಿಯಾಚೆ ಕೂತು ಬೆಳಕು ಕಳೆದುಕೊಳ್ಳುತ್ತಾರೆ. ಜಾಗದ ಕಷ್ಟ ಟೇಪಿನಲ್ಲಿ ಅಳೆಯಲು ಬರುತ್ತದೆ, ಯಾರು ಅಳೆದರೂ ಅಷ್ಟೇ ಬರುತ್ತದೆ. ನನ್ನ ಅಳತೆ ಸರಿಯಿತ್ತು ಅನ್ನುವುದಕ್ಕೆ ಉಳಿದವರಲ್ಲಿ ಐದು ಜನ ಒಪ್ಪಿದರು. ಹೌದು ಅಂದವರು ಐದು, ಬೇಡ ಅಂದವರು ಎರಡು. ಇಂಥ ವಿನಾಯಿತಿಗೆ ಹಾಜರಿದ್ದವರ ಬಹುಮತ ಸಾಕು.

ಮರುದಿನವೇ ಗುದ್ದಲಿ ಹಾಕುವಂತಿರಲಿಲ್ಲ. ತೀರ್ಮಾನವನ್ನು ಕಾರಣಗಳ ಸಮೇತ ಬರೆದು ಮುಂದಿನ ಸಭೆಯಲ್ಲಿ ಅಂಗೀಕರಿಸಿದರು. ಅದು ಪತ್ರಿಕೆಯಲ್ಲಿ ಬಂದ ದಿನದಿಂದ 45 ದಿನ, ಒಪ್ಪದ ನೆರೆಯವರು ಕೋರ್ಟಿಗೆ ಹೋಗಬಹುದಿತ್ತು. ಅಷ್ಟು ದಿನ ಕಾದೆವು. ಅಜ್ಜಿ ಹೋಗಲಿಲ್ಲ. ಖರ್ಚಿನ ವಿಷಯ ಹೇಳಬೇಕಂದರೆ, ಅರ್ಜಿ ಶುಲ್ಕಕ್ಕಿಂತ ಎಸ್ಕ್ರೋ ಅಂತ ಇಡುವ ದುಡ್ಡೇ ಜಾಸ್ತಿ. ಬೋರ್ಡಿನ ಎಂಜಿನಿಯರ್, ವಕೀಲರು ನಮ್ಮ ಕಾಗದ ಓದುವ ಫೀಸೆಲ್ಲ ಅದರಿಂದ ಹೋಗುತ್ತದೆ. ಕಡಿಮೆ ಸಂಬಳದವರಿಗೆ ಇದು ಭಾರ. ಈ ಪದ್ಧತಿಯಲ್ಲಿ ನನಗೆ ನಿಜವಾಗಿ ಚುಚ್ಚುವುದು ಇದೊಂದೇ.

ಕೋಣೆ ಮುಗಿದು ಎಂಟು ತಿಂಗಳಾಯಿತು. ಅಮ್ಮ ಈಗ ದಿನಕ್ಕೆ ನಾಲ್ಕು ಸಲ ಅಡುಗೆಮನೆಗೆ ಬಂದು ನಮ್ಮ ಸಾರಿಗೆ ಉಪ್ಪು ನೋಡುತ್ತಾರೆ. ಅವರ ಕಿಟಕಿಗೂ ಅದೇ ಮೇಪಲ್ ಮರ ಕಾಣುತ್ತದೆ.

ಹೋದ ವಾರ ನಮಗೇ ಒಂದು ಸರ್ಟಿಫೈಡ್ ಮೇಲ್ ಬಂತು. ನಾಲ್ಕನೆಯ ಮನೆಯವರು ಹಿತ್ತಲಲ್ಲಿ ಡೆಕ್ (ಮನೆಗೆ ಅಂಟಿದ ತೆರೆದ ಜಗಲಿ) ಕಟ್ಟಲು ಎಂಟು ಅಡಿ ವಿನಾಯಿತಿ ಕೇಳಿದ್ದಾರೆ. ನಾವು ಅವರ 200 ಅಡಿಯೊಳಗೆ ಬರುತ್ತೇವೆ. ಅಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಡೆಕ್ ಬಂದರೆ ಹಿಂದಿನ ಮನೆಯವರಿಗೆ ಏನಾಗತ್ತೋ? ಅವರಿಗೆ ಕಾಗದ ಹೋಗಿದ್ಯಾ?" ಹೋಗಿರುತ್ತದೆ ಅಂದೆ. "ಯಾವತ್ತು ಅದು?" ಬುಧವಾರ, 7:30ಕ್ಕೆ. "ಹಾಗಾದ್ರೆ ಆವತ್ತು ಊಟ ಬೇಗ ಮುಗಿಸೋಣ. ನಾನೂ ಬರ್ತೀನಿ."