ಸೂಲಗಿತ್ತಿಯ ಕೂಲಿ

ತಂಗಿಗೆ ಏಳು ತಿಂಗಳು. ಹೆರಿಗೆ ಮನೆಯಲ್ಲೇ ಆಗಲಿ ಅಂತ ಅವಳ ಆಸೆ. ಗದಗದ ಸುತ್ತ ಸೂಲಗಿತ್ತಿ ಇದ್ದಾರಾ ಅಂತ ಕೇಳಿದರೆ ಸಿಕ್ಕವರೆಲ್ಲ ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ಎರೆಯುವವರೇ. ಹೆರಿಗೆ ಮಾಡಿಸುವುದು ಬಿಟ್ಟು ಎಷ್ಟೋ ವರ್ಷ ಆಯ್ತಂತೆ. ಒಬ್ಬ ಆಯಿ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಕೂಸಿನ ತಲೆ ಯಾವ ಕಡೆ ಇದೆ ಅಂತ ಹೇಳಿದರು. ಆಮೇಲೆ, 'ರಕ್ತ ಜಾಸ್ತಿ ಹೋದ್ರ ನನ್ನ ಕೈಯಾಗ ಏನಿಲ್ಲವ್ವಾ, ದವಾಖಾನಿಗೆ ಹೋಗು' ಅಂದರು. ಎಂಥ ಪ್ರಾಮಾಣಿಕ ಮಾತು!

ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಇಂಥ ಸೂಲಗಿತ್ತಿಯರಿಗೆ ಕೂಲಿ ಅಂದರೆ ಮೊರದ ತುಂಬ ಜೋಳ, ಒಂದು ಖಣ, ಎಲೆ ಅಡಿಕೆ. ಅಷ್ಟೇ. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಖುಷಿಪಟ್ಟೆವು. ಊರೂರಿನ ಉಳಿದವರಿಗೆ ಸರಿಯಾದ ಕೂಲಿಯಾದರೂ ಸಿಗಬೇಕಿತ್ತು ಅಲ್ವಾ?

ಹೆರಿಗೆ ಆಸ್ಪತ್ರೆಯಲ್ಲೇ ಅಂತ ತಂಗಿ ಒಪ್ಪಿದ್ದಾಳೆ. ಬಾಣಂತನಕ್ಕೆ ಮಾತ್ರ ಈ ಆಯಿಯೇ. ದಿನಗೂಲಿ ಮೊದಲೇ ಮಾತಾಡಿದ್ದೇವೆ, ಸೀರೆ ಬೇರೆ.