ತರಗತಿ ಗೋಡೆ ಮೇಲೆ ತಲೆಕೆಳಗಾದ ರಸ್ತೆ: ಕತ್ತಲೆಕೋಣೆ ಎಲ್ಲಿಗೆ ಬಂತು

ತರಗತಿ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೇ ಒಂದು ಸಣ್ಣ ರಂಧ್ರ ಉಳಿಸಿ, ಕೋಣೆಯನ್ನೇ ಕ್ಯಾಮೆರಾ ಮಾಡುವ ಕೆಲಸ ಇದು. ಕೊನೆಗೂ ಬಿಂಬ ಬಿತ್ತು. ಕಿಟಕಿಗೆ ಎದುರಿನ ಗೋಡೆ ಮೇಲೆ ರಸ್ತೆ, ತೆಂಗಿನಮರ, ನೀರಿನ ಟ್ಯಾಂಕು ಎಲ್ಲ ತಲೆಕೆಳಗಾಗಿ, ಬಣ್ಣ ಸಮೇತ, ಮೂಲೆಯಲ್ಲಿ ಕೂತ ಮಕ್ಕಳಿಗೂ ಕಾಣುವಷ್ಟು ಸ್ಪಷ್ಟವಾಗಿ. ಕೆಂಪು ಬಸ್ಸು ಹೊರಗೆ ಉತ್ತರಕ್ಕೆ ಹೋದರೆ ಗೋಡೆ ಮೇಲೆ ಚಕ್ರ ಮೇಲಾಗಿ ದಕ್ಷಿಣಕ್ಕೆ ಹೋಗುತ್ತದೆ. ಇಡೀ ತರಗತಿ ಒಟ್ಟಿಗೆ ಕೂಗುವುದು ಆಗಲೇ.

ಶೂ ಡಬ್ಬದಲ್ಲಿ ಸೂಜಿರಂಧ್ರ ಕ್ಯಾಮೆರಾ ಮಾಡಿದವರಿಗೆ ತತ್ವ ಗೊತ್ತು (ಬೆಳಕು ನೇರ ಹೋಗುವುದರಿಂದ ಮೇಲಿನದು ರಂಧ್ರ ದಾಟಿ ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ), ಅದನ್ನು ಬಿಡುತ್ತೇನೆ. ಕೋಣೆಯನ್ನೇ ಕ್ಯಾಮೆರಾ ಮಾಡಹೊರಟವರನ್ನೆಲ್ಲ ಕಾಡುವ ಒಂದೇ ತೊಂದರೆ ಬಗ್ಗೆ ಈ ಸಲ ಬರೆಯುವುದು: ಬಿಂಬ ಯಾಕಿಷ್ಟು ಮಂಕು?

ಮೂಲ ಪ್ರೇರಣೆ ಹಂಪಿಯದು. ವಿರೂಪಾಕ್ಷ ದೇವಸ್ಥಾನದ ಪೂರ್ವದ ರಾಜಗೋಪುರ ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರ್ ಎತ್ತರ. ಒಳಗಿನ ಕತ್ತಲೆ ಕೋಣೆಯ ಗೋಡೆ ಮೇಲೆ ಅದು ಬುಡಮೇಲಾಗಿ ಮೂಡುತ್ತದೆ, ಒಂದು ಸಣ್ಣ ಕಿಂಡಿಯಿಂದ. ಇದರ ಫೋಟೊ ತೋರಿಸಿದರೆ ಮಕ್ಕಳು ‘ಓ’ ಅಂತಾರೆ, ಅಲ್ಲಿಗೆ ಮುಗೀತು. ತಮ್ಮದೇ ಶಾಲೆ ಗೇಟು ತಲೆಕೆಳಗಾಗಿ ಕಂಡರೆ ಮಾತ್ರ ಪ್ರಶ್ನೆ ಹುಟ್ಟುತ್ತದೆ, ಹುಟ್ಟಿದ ಪ್ರಶ್ನೆ ವಿಜ್ಞಾನದ ಪಿರಿಯಡ್‌ನೊಳಗೆ ನಿಲ್ಲುವುದೂ ಇಲ್ಲ.

ಈಗ ಮಂಕಿನ ವಿಷಯ. ಮೊದಲ ಬಲೆ ಪುಸ್ತಕದ ಸೂತ್ರ. ಅತಿ ಚೂಪಾದ ಬಿಂಬಕ್ಕೆ ರಂಧ್ರ ಎಷ್ಟಿರಬೇಕೆಂದು ಲೆಕ್ಕ ಹಾಕಿದರೆ, ಗೋಡೆ 4 ಮೀಟರ್ ದೂರ ಇದ್ದಾಗ 2.8 ಮಿಲಿಮೀಟರ್ ಬರುತ್ತದೆ. ಫಿಲ್ಮಿಗೆ ಸರಿ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಕಣ್ಣು ಕಾಯುವುದಿಲ್ಲ. ಅದೇ ರಂಧ್ರವನ್ನು 12 ಮಿಮೀ ಮಾಡಿದರೆ ಬೆಳಕು 18 ಪಟ್ಟು ಹೆಚ್ಚು. ಅಂಚು ಸುಮಾರು 12 ಮಿಮೀ ಮಸುಕಾಗುತ್ತದೆ ನಿಜ, ಆದರೆ ಎರಡು ಮೀಟರ್ ಎತ್ತರದ ಬಿಂಬದಲ್ಲಿ ಅದು ಏನೇನೂ ಅಲ್ಲ. ಇಷ್ಟಾದರೂ ಬಿಸಿಲು ಬಿದ್ದ ಸುಣ್ಣದ ಗೋಡೆಯ ಬಿಂಬಕ್ಕೆ ಸಿಗುವುದು ಸುಮಾರು 0.1 ಲಕ್ಸ್, ಅಂದರೆ ಹುಣ್ಣಿಮೆ ಬೆಳದಿಂಗಳ ಆಸುಪಾಸು. ಆ ಬೆಳಕಿನಲ್ಲಿ ಆಕಾರ ಕಾಣುತ್ತದೆ, ಬಣ್ಣ ಸರಿಯಾಗಿ ಕಾಣುವುದಿಲ್ಲ. ಬಣ್ಣ ಬೇಕಿದ್ದರೆ 25 ಮಿಮೀಗೆ ಹೋಗಬೇಕು.

ರಂಧ್ರ ದೊಡ್ಡದು ಮಾಡಿದರೂ ಗೋಡೆ ಬೆಳ್ಳಗೇ ಕಂಡರೆ? ಹೆಚ್ಚಿನವರು ಇಲ್ಲಿಗೆ ಬಂದು ಕೈಬಿಡುತ್ತಾರೆ. ತಪ್ಪು ರಂಧ್ರದ್ದಲ್ಲ, ಸೋರಿಕೆಯದು. ಲೆಕ್ಕ ಹಾಕಿ ನೋಡಿ. 12 ಮಿಮೀ ರಂಧ್ರದ ವಿಸ್ತೀರ್ಣ 1.13 ಚದರ ಸೆಂಟಿಮೀಟರ್. ಕಿಟಕಿ 120 × 100 ಸೆಂಮೀ, ಅಂದರೆ 12,000 ಚದರ ಸೆಂಮೀ. ಅದಕ್ಕೆ ಹೊದಿಸಿದ ಹೊದಿಕೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಬಿಟ್ಟರೂ ರಂಧ್ರದಷ್ಟೇ ಬೆಳಕು ಸುಮ್ಮನೆ ಒಳಗೆ ಬಂದಹಾಗೆ. ಅಂಥ ಕಿಟಕಿ ನಾಲ್ಕಿದ್ದರೆ ನಾಲ್ಕರಷ್ಟು. ಅಂಚಿನಲ್ಲಿ ಸುತ್ತಲೂ 1 ಮಿಮೀ ಸಂದಿ ಉಳಿದರೆ 440 ಸೆಂಮೀ ಸುತ್ತಳತೆಗೆ 44 ಚದರ ಸೆಂಮೀ, ಮೂವತ್ತೊಂಬತ್ತು ರಂಧ್ರಕ್ಕೆ ಸಮ! ಈ ಲೆಕ್ಕವನ್ನು ಏಳನೇ ತರಗತಿಯವರ ಕೈಲೇ ಮಾಡಿಸಿ. ಆಮೇಲೆ ಸಂದಿ ಹುಡುಕುವ ಕೆಲಸ ಹೇಳಿಸಿಕೊಳ್ಳದೆ ಅವರೇ ಮಾಡುತ್ತಾರೆ.

ಕಪ್ಪು ಚಾರ್ಟ್ ಪೇಪರ್ ದಯವಿಟ್ಟು ಬೇಡ. ಸ್ಟೇಷನರಿ ಅಂಗಡಿಯಲ್ಲಿ ಕಪ್ಪಗೆ ಕಾಣುತ್ತದೆ, ಬಿಸಿಲಿಗೆ ಹಿಡಿದರೆ ನಾರು ನಾರಾಗಿ ಬೆಳಕು ಬಿಡುತ್ತದೆ. ಕಪ್ಪು ಬಟ್ಟೆ ಒಂದು ಪದರ ಇನ್ನೂ ಕೆಟ್ಟದು. ಕೆಲಸಕ್ಕೆ ಬಂದದ್ದು ಫ್ರಿಜ್ ಬರುವ ದಪ್ಪ ರಟ್ಟು, ಅದರ ಮೇಲೆ ಹೊಲಕ್ಕೆ ಹಾಸುವ ಬೆಳ್ಳಿ-ಕಪ್ಪು ಮಲ್ಚಿಂಗ್ ಶೀಟು ಎರಡು ಪದರ, ಬೆಳ್ಳಿ ಮುಖ ಹೊರಗೆ. ಬೆಳ್ಳಿ ಮುಖ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಕೋಣೆ ಕಾಯುವುದೂ ಕಡಿಮೆ. ಈ ಶೀಟಿನ ಗೋಳು ಬೇರೆ: ಗೊಬ್ಬರದಂಗಡಿಯವರು ಇಡೀ ಸುರುಳಿ ತಗೊಳ್ಳಿ ಅಂತಾರೆ, ಬಿಡಿಯಾಗಿ ಕೊಡುವ ಕಡೆ 30 ಮೈಕ್ರಾನ್ ಅಂತ ಹೇಳಿ ತೆಳ್ಳಗಿನದು ಕಟ್ಟಿ ಕೊಡುತ್ತಾರೆ. ಕಲ್ಲಂಗಡಿ, ಮೆಣಸಿನಕಾಯಿ ಬೆಳೆಯುವ ಪೋಷಕರ ಮನೆಯಲ್ಲಿ ಉಳಿಕೆ ತುಂಡು ಖಂಡಿತ ಇರುತ್ತದೆ, ಕೇಳಿ. ಯಾವುದೇ ಹೊದಿಕೆ ಇರಲಿ, ಕತ್ತಲಲ್ಲಿ ಹಿಂದೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದು ನೋಡಿ. ಚುಕ್ಕೆ ಕಂಡರೆ ಇನ್ನೊಂದು ಪದರ.

ರಟ್ಟು ಕಿಟಕಿ ಚೌಕಟ್ಟಿಗಿಂತ ಎಲ್ಲ ಕಡೆ 10 ಸೆಂಮೀ ದೊಡ್ಡದಿರಬೇಕು. ಸೆಲ್ಲೊಟೇಪ್ ಸುಣ್ಣದ ಗೋಡೆಗೆ ನಿಲ್ಲುವುದಿಲ್ಲ, ಪುಡಿ ಸಮೇತ ಕಿತ್ತು ಬರುತ್ತದೆ. ಮರದ ಪಟ್ಟಿ ಒತ್ತಿ ಚೌಕಟ್ಟಿಗೇ ಮೊಳೆ ಹೊಡೆಯುವುದು ಒಳ್ಳೆಯದು. ಬಾಗಿಲಡಿಗೆ ಸುತ್ತಿದ ಗೋಣಿಚೀಲ. ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚಬೇಡಿ, ಮಕ್ಕಳು ತುಂಬಿದ ಕೋಣೆಯಲ್ಲಿ ಸೆಖೆ ಬೇಗ ಏರುತ್ತದೆ. ಒಳಮೈಗೆ ಕಪ್ಪು ಬಳಿದ ಎರಡು ರಟ್ಟನ್ನು ಮೂರು ಬೆರಳು ಅಂತರದಲ್ಲಿ ಒಂದರ ಮೇಲೊಂದು ಹಾಯುವಂತೆ ನಿಲ್ಲಿಸಿದರೆ ಗಾಳಿ ಡೊಂಕಾಗಿ ಬರುತ್ತದೆ, ಬೆಳಕು ಅಲ್ಲೇ ಸಾಯುತ್ತದೆ. ಅಷ್ಟಾದರೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಕತ್ತಲೆಗೆ ಹೆದರುವ ಮಕ್ಕಳ ಪಕ್ಕ ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚ್ ಒಂದಿರಲಿ.

ರಂಧ್ರವನ್ನು ರಟ್ಟಿನಲ್ಲೇ ಕೊರೆಯಬೇಡಿ. ದಪ್ಪ ರಟ್ಟಿನ ತೂತು ಸುರಂಗವಾಗಿ ಬಿಂಬದ ಅಂಚನ್ನೆಲ್ಲ ನುಂಗುತ್ತದೆ. ತಂಪುಪಾನೀಯದ ಡಬ್ಬಿಯನ್ನು ಕತ್ತರಿಸಿ ಚಪ್ಪಟೆ ಮಾಡಿ, ಆ ತಗಡಿನಲ್ಲಿ 5, 12, 25 ಮಿಮೀ ರಂಧ್ರ ಕೊರೆದು, ಅಂಚಿಗೆ ಮರಳುಕಾಗದ ತಿಕ್ಕಿ, ರಟ್ಟಿನ ದೊಡ್ಡ ಕಿಂಡಿ ಮುಂದೆ ಸರಿಯುವಂತೆ ಇಡಿ. ಚಿಕ್ಕದರಿಂದ ದೊಡ್ಡದಕ್ಕೆ ಸರಿಸುತ್ತಾ ಹೋದರೆ ಚೂಪು ಹೋಗಿ ಬೆಳಕು ಬರುವುದು ಕಣ್ಣೆದುರೇ ಕಾಣುತ್ತದೆ.

ಇನ್ನೊಂದು ಸಂಗತಿ ದಿಕ್ಕು. ರಂಧ್ರ ಪೂರ್ವದ ಗೋಡೆಯಲ್ಲಿದ್ದರೆ ಮಧ್ಯಾಹ್ನದ ಮೇಲೆ ಕೂರಿಸಿ. ಹೊರಗಿನ ವಸ್ತುಗಳ ನಮ್ಮ ಕಡೆಯ ಮುಖಕ್ಕೆ ಆಗ ಬಿಸಿಲು, ಕಿಟಕಿಗೆ ನೆರಳು. ಪಶ್ಚಿಮದ್ದಾದರೆ ಬೆಳಿಗ್ಗೆ. ಹಂಪಿಯ ಗೋಪುರದ ಬಿಂಬ ಯಾವ ಹೊತ್ತಿಗೆ ಹೆಚ್ಚು ಬೆಳಗಬೇಕು ಎಂದು ಈಗ ಕೇಳಿ ನೋಡಿ, ನಕ್ಷೆ ಬಿಡಿಸಿಕೊಂಡು ವಾದ ಮಾಡುತ್ತಾರೆ.

ಬಿಸಿಲಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ವಿವರಣೆ ಕೊಡುವ ಆಸೆ ತಡೆದುಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ. ರಂಧ್ರ ಮುಚ್ಚಿಟ್ಟು, ‘ಇದನ್ನು ತೆರೆದರೆ ಗೋಡೆ ಮೇಲೆ ಏನು ಕಾಣಬಹುದು?’ ಎಂದಷ್ಟೇ ಕೇಳಿ. ಬಹಳಷ್ಟು ಮಕ್ಕಳು ದುಂಡನೆಯ ಬೆಳಕಿನ ಚುಕ್ಕೆ ಅನ್ನುತ್ತಾರೆ. ತೆರೆದ ಮೇಲೆ ಆಕಾಶ ಕೆಳಗೆ, ನೆಲ ಮೇಲೆ. ತ್ರಿಕೋನ ರಂಧ್ರ ಇಟ್ಟರೂ ಬಿಂಬ ಹಾಗೇ ಇರುವುದು ಎರಡನೇ ಪೆಟ್ಟು. ಅಲ್ಲಿಂದ ನೇರ ಅಂಗಳದ ಹೊಂಗೆಮರದಡಿಗೆ ಕರೆದೊಯ್ಯಿರಿ: ಎಲೆಗಳ ಸಂದಿ ಹೇಗೇಗೋ ಇದ್ದರೂ ನೆಲದ ಬೆಳಕಿನ ಚುಕ್ಕೆ ದುಂಡಗೇ ಇರುತ್ತದೆ, ಯಾಕೆಂದರೆ ಒಂದೊಂದೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಮಂಗಳೂರಿನಲ್ಲಿ ಸೂರ್ಯ ಬಳೆಯಾದಾಗ ಮರದಡಿಯ ಚುಕ್ಕೆಗಳೂ ಬಳೆಯಾಗಲೇಬೇಕಿತ್ತು.

ಗಣಿತಕ್ಕೆ ಟ್ಯಾಂಕಿನ ಎತ್ತರ ಸಾಕು. ಟ್ಯಾಂಕು ರಂಧ್ರದಿಂದ 50 ಮೀ, ಗೋಡೆ 4 ಮೀ, ಬಿಂಬ 96 ಸೆಂಮೀ ಎಂದಾದರೆ ಟ್ಯಾಂಕು 12 ಮೀ. ಚಿತ್ರಕಲೆಗೆ ಗೋಡೆಗೆ ಡ್ರಾಯಿಂಗ್ ಶೀಟ್ ಅಂಟಿಸಿ ಇದ್ದಿಲಲ್ಲಿ ತಿದ್ದಿಸಿ. ಇತಿಹಾಸಕ್ಕೆ ಸುಮಾರು ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ವಿಜ್ಞಾನಿ ಇಬ್ನ್ ಅಲ್ ಹೈತಮ್ ಇದ್ದಾನೆ. ಒಂದು ರಂಧ್ರದೆದುರು ಹಲವು ದೀಪ ಇಟ್ಟು, ಒಂದನ್ನು ಮರೆಮಾಡಿದರೆ ಒಳಗೆ ಅದರ ಬೆಳಕು ಮಾತ್ರ ಮಾಯವಾಗುತ್ತದೆಂದು ತೋರಿಸಿದವನು. ಕೆಂಪು-ಹಸಿರು ಕಾಗದ ಸುತ್ತಿದ ಎರಡು ಟಾರ್ಚಿನಿಂದ ಅದೇ ಪ್ರಯೋಗ ಮಾಡಬಹುದು.

ಮಸೂರವನ್ನು ಕೊನೆಗೆ ಇಟ್ಟುಕೊಳ್ಳಿ. ಕನ್ನಡಕದಂಗಡಿಯಲ್ಲಿ ಕತ್ತರಿಸದ ಪ್ಲಸ್ 0.25 ಗ್ಲಾಸು ಕೇಳಿ, ಅದರ ಸಂಗಮದೂರ (ದೂರದ ವಸ್ತುವಿನ ಬಿಂಬ ಚೂಪಾಗಿ ಬೀಳುವ ದೂರ) ಸರಿಯಾಗಿ 4 ಮೀಟರ್. 60 ಮಿಮೀ ತೆರೆದಿಟ್ಟರೆ 12 ಮಿಮೀ ರಂಧ್ರಕ್ಕಿಂತ 25 ಪಟ್ಟು ಬೆಳಕು, ಜೊತೆಗೆ ಚೂಪು. ‘ಕಾಲು ಪವರ್ ಯಾರೂ ಹಾಕಲ್ಲ, ಅರ್ಧ ಒಯ್ಯಿರಿ’ ಎಂಬ ಉತ್ತರ ಗ್ಯಾರಂಟಿ. ಒಪ್ಪಿದರೆ ಪರದೆಯನ್ನು 2 ಮೀಟರಿಗೆ ತರಬೇಕಾಗುತ್ತದೆ. ಅಂಗಡಿಯಲ್ಲೇ ದೂರದ ಕಟ್ಟಡದ ಬಿಂಬ ಗೋಡೆಗೆ ಬೀಳಿಸಿ ಟೇಪು ಹಿಡಿದು ನೋಡಿ. ಇದನ್ನು ಮೊದಲೇ ಹಾಕಿದರೆ ಮಕ್ಕಳು ಪ್ರೊಜೆಕ್ಟರ್ ಅಂದುಕೊಂಡು ಸುಮ್ಮನಾಗುತ್ತಾರೆ. ರಂಧ್ರದಿಂದಾಗಲಿ ಮಸೂರದಿಂದಾಗಲಿ ಸೂರ್ಯನನ್ನು ನೋಡಲು ಯಾರನ್ನೂ ಬಿಡಬೇಡಿ.

ಈ ನಡುವೆ ತಲೆ ತಿನ್ನುತ್ತಿರುವುದು ಮುಂದಿನ ಕೆಲಸ. ಮಲೆನಾಡು, ಕರಾವಳಿಯ ಹಂಚಿನ ಮಾಡಿನ ಶಾಲೆಗಳಲ್ಲಿ ಹಂಚಿನ ಸಂದಿಯಿಂದ ಬಿದ್ದ ಬಿಸಿಲ ಬಿಲ್ಲೆ ನೆಲದ ಮೇಲೆ ಹೇಗೂ ಇದೆ. ಬೆಳಕು ಬರುವ ಸಂದಿ ನೇರ 3.5 ಮೀ ಮೇಲಿದ್ದರೆ ಬಿಲ್ಲೆ ಸುಮಾರು 3.3 ಸೆಂಮೀ ಅಗಲ, ನಡು ಮಧ್ಯಾಹ್ನ ನಿಮಿಷಕ್ಕೆ ಒಂದೂವರೆ ಸೆಂಮೀ ಸರಿಯುತ್ತದೆ. ಇಟಲಿಯ ಬೊಲೊನ್ಯಾದ ಸಾನ್ ಪೆತ್ರೋನಿಯೋ ಚರ್ಚಿನಲ್ಲಿ ಖಗೋಳಜ್ಞ ಕಸ್ಸೀನಿ 1655ರಲ್ಲಿ ಎಳೆದ ಮಧ್ಯಾಹ್ನರೇಖೆಯ, ಅಂದರೆ ನಡುಹಗಲಿಗೆ ಬಿಸಿಲ ಬಿಲ್ಲೆ ದಾಟುವ ಉತ್ತರ-ದಕ್ಷಿಣ ಗೆರೆಯ, ಪುಟ್ಟ ರೂಪ ತರಗತಿ ನೆಲದ ಮೇಲೇ ಆಗುತ್ತದೆ. ಬೆಂಗಳೂರಿನಲ್ಲಿ ನಿಜವಾದ ನಡುಹಗಲು ನವೆಂಬರ್ ಮೊದಲ ವಾರ 12:03ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ 12:34ರ ಹತ್ತಿರ. ಗಡಿಯಾರ ಕೆಟ್ಟಿದೆಯೋ ಸೂರ್ಯನೋ ಎಂದು ಮಕ್ಕಳು ಕೇಳಲಿ. ಅದಕ್ಕೆ ಬೇಕಿರುವುದು ತೂಕದ ಗುಂಡು, ಹಿಗ್ಗದ ನೂಲು, ನೆಲಕ್ಕೆ ಅಂಟುವ ಬಿಳಿ ಬಣ್ಣ, ಮತ್ತು ಸೋರದ ಹಾಗೆ ತೂತಿನ ತಗಡು ಕೂರಿಸಿಕೊಡುವ ಒಬ್ಬ ಹಂಚಿನ ಕೆಲಸದವರು. ನೂಲು, ಗುಂಡು, ಬಣ್ಣ ಸಿದ್ಧ. ಮಳೆಗಾಲ ಮುಗಿಯುವ ತನಕ ಮಾಡು ಹತ್ತಲು ಅವರು ಒಪ್ಪುತ್ತಿಲ್ಲ.