ಯಾವ ಏರ್‌ಬ್ರಷ್ ತಗೊಳ್ಳಲಿ ಅಂತ ಕೇಳುವವರಿಗೆ

"ಹೆಲ್ಮೆಟ್ ಮೇಲೆ ಡಿಸೈನ್ ಮಾಡಬೇಕು, ಯಾವ ಏರ್‌ಬ್ರಷ್ ತಗೊಳ್ಳಲಿ?" ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ, ಪೆನ್ನಿನಂಥ ಉಪಕರಣ. 0.3 ಮಿ.ಮೀ. ನಾಝಲ್ ಇರುವ ಡಬಲ್ ಆಕ್ಷನ್ (ಒಂದೇ ಗುಂಡಿ ಒತ್ತಿದರೆ ಗಾಳಿ, ಹಿಂದೆ ಎಳೆದರೆ ಬಣ್ಣ ಬರುವ) ಏರ್‌ಬ್ರಷ್, ಗಾಳಿಯಲ್ಲಿನ ನೀರು ಹಿಡಿಯುವ ಫಿಲ್ಟರ್ ಇರುವ ಕಂಪ್ರೆಸರ್. ಆಯ್ತಲ್ವಾ? ಇಷ್ಟು ಬರೆದುಕೊಂಡು ಹೊರಟೇಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಒಮ್ಮೆ ಒಬ್ಬ ಹುಡುಗ ಹೆಲ್ಮೆಟ್ ತಂದ. "ಅಣ್ಣ, ಎಲ್ಲಾ ರೆಡಿ ಮಾಡ್ಕೊಂಡೇ ಬಂದಿದ್ದೀನಿ, ಬಣ್ಣ ಹೊಡೆಯೋದಷ್ಟೇ ಬಾಕಿ" ಅಂದ. ಹಳೇ ಸ್ಟಿಕರ್ ಅಂಟು ಹೋಗಲಿ ಅಂತ ಥಿನ್ನರ್ ಸುರಿದು ಉಜ್ಜಿದ್ದ. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಬೆಳಕಿಗೆ ಓರೆಯಾಗಿ ಹಿಡಿದೆ. ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್‌ನ ಶೆಲ್, ಅಂದರೆ ಹೊರಗಿನ ಗಟ್ಟಿ ಚಿಪ್ಪು, ತುಂಬಾ ಕೂದಲೆಳೆಯಂಥ ಬಿರುಕು. ಅಂಚಿನಲ್ಲಿ ಒಳಗಿನ ಥರ್ಮಾಕೋಲ್ ಕರಗಿ, ಬೆರಳ ತುದಿ ಹಿಡಿಸುವಷ್ಟು ಗುಳಿ ಬಿದ್ದಿತ್ತು. ಬಿದ್ದಾಗ ತಾನು ಜಜ್ಜಿಹೋಗಿ ತಲೆ ಉಳಿಸುವುದು ಅದೇ ಥರ್ಮಾಕೋಲ್. ಆ ಹೆಲ್ಮೆಟ್ ಮುಟ್ಟೋದಿಲ್ಲ, ಹೊಸದು ತಗೋ ಅಂದೆ. ಹುಡುಗ ಬೇಜಾರು ಮಾಡಿಕೊಂಡ. ಮಾಡಿಕೊಳ್ಳಲಿ.

ಹಾಗಾಗಿ ನನ್ನನ್ನು ಕೇಳುವುದಾದರೆ ಮೊದಲು ಇದನ್ನು ಕೇಳಿ: "ನನ್ನ ಹೆಲ್ಮೆಟ್ ಶೆಲ್ ಯಾವುದರದ್ದು?" ಪಾಲಿಕಾರ್ಬೊನೇಟ್ ಅಥವಾ ಎಬಿಎಸ್ (ಇದೂ ಒಂದು ಪ್ಲಾಸ್ಟಿಕ್) ಆದರೆ ಜೊತೆಗೆ ಬಂದ ಪುಸ್ತಕ ಓದಿ. ಬಣ್ಣ ಬೇಡ ಅಂತ ಇದ್ದರೆ ಬೇಡ, ಅಷ್ಟೇ. ಫೈಬರ್‌ಗ್ಲಾಸ್ ಆದರೆ ಮಾತಾಡೋಣ.

ವೈಸರ್, ಒಳಗಿನ ಪ್ಯಾಡಿಂಗ್ ಬಿಚ್ಚಿಡಿ. ಗಾಳಿ ಕಿಂಡಿ, ಅಂಚಿನ ರಬ್ಬರ್, ಒಳಬಾಯಿ ಎಲ್ಲವನ್ನೂ ಟೇಪ್ ಹಚ್ಚಿ ಮುಚ್ಚಿ. ಸೋಪು ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಗ್ರೀಸ್ ರಿಮೂವರ್. ಅದನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಹೆಲ್ಮೆಟ್ ಮೇಲೆ ಸುರಿಯಬೇಡಿ. ಉಜ್ಜುಕಾಗದ ಹಿಡಿದು ಉಜ್ಜುವುದಕ್ಕೆ ಮುಂಚೆಯೇ ಇದು ಆಗಬೇಕು. ಇಲ್ಲದಿದ್ದರೆ ಹಳೇ ಪಾಲಿಶ್‌ನ ಸಿಲಿಕೋನ್ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಬಣ್ಣ ಹೊಡೆದಾಗ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡಿ ಏಳುತ್ತದೆ, ಮತ್ತೆ ಮೊದಲಿನಿಂದ ಶುರು.

ಈಗ 600 ಅಥವಾ 800 ಗ್ರಿಟ್‌ನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ನುಣುಪಾದ ಉಜ್ಜುಕಾಗದ. ಹೊಳಪು ಹೋದರೆ ಸಾಕು, ಫೈಬರ್ ಕಾಣುವವರೆಗೆ ಉಜ್ಜಬೇಡಿ. ಮುಗಿದ ಮೇಲೆ ನೀರು ಹಾಕಿ ನೋಡಿ. ನೀರು ಹಾಳೆಯಂತೆ ಹರಡಿದರೆ ಮೇಲ್ಮೈ ಶುದ್ಧ. ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ.

ಇನ್ನೊಂದು ಮಾತು, ಇದಕ್ಕೆ ನಾನು ಜಗಳಕ್ಕೂ ರೆಡಿ. ಕೊನೆಗೆ ಹೊಡೆಯುವ 2ಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾರದರ್ಶಕ ಕೋಟ್) ಇದೆಯಲ್ಲ, ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಅದು ಒಮ್ಮೆ ಉಬ್ಬಸ ಹಚ್ಚಿದರೆ, ಆಮೇಲೆ ಅದರ ಸ್ವಲ್ಪ ಗಾಳಿ ತಾಗಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಏನನ್ನೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕ್, ಸ್ಪ್ರೇ ಬೂತ್ ಇಲ್ಲ ಅಂದರೆ ಕ್ಲಿಯರ್ ಕೆಲಸವನ್ನು ಅವೆರಡೂ ಇರುವವರಿಗೆ ಕೊಡಿ. ಡಿಸೈನ್ ನಿಮ್ಮದೇ ಇರುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಇಷ್ಟು ಮಾಡಿಕೊಂಡು ಬನ್ನಿ. ಏರ್‌ಬ್ರಷ್ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.